ಕೋಂಬಿಯಲ್ಲಿ ನಿದ್ದೆ ಹೋಗುವ ಹೆಂಗಸು

ಮಕ್ರೀನಾಗೆ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಅದು ಅವಳ ರೋಗವಲ್ಲ, ಆ ಮನೆಯ ಗುಣ. ಬೆಟ್ಟದ ಮೇಲಿನ ಆ ಎರಡು ಕೋಣೆಗಳಲ್ಲಿ ಇಬ್ಬರು ಗಂಡುಮಕ್ಕಳ ಸಂಸಾರ, ಸಂಸಾರಕ್ಕೊಂದು ಟಿವಿ, ಜೊತೆಗೆ ರಾತ್ರಿಯೆಲ್ಲ ಊರಿನ ನಾಯಿಗಳಿಗೆ ಉತ್ತರ ಕೊಡುತ್ತ ಕೂರುವ ತಾರಸಿಯ ನಾಯಿಗಳು. ನೀರಿನ ಟ್ಯಾಂಕರು ಯಾವ ಹೊತ್ತಿಗೆ ಬೇಕಾದರೂ ಬರಬಹುದು, ಬಂದಾಗ ಎದ್ದು ಪೈಪು ಹಿಡಿಯುವವಳು ಅವಳೇ. ಅಡುಗೆಮನೆಯ ಮೂಲೆಯಲ್ಲಿ ಒಂದು ಪರದೆ, ಪರದೆಯ ಹಿಂದೆ ಅವಳ ಮಂಚ. ಮಂಚವೇನೋ ಇತ್ತು, ಮಲಗಲು ಪುರುಸೊತ್ತು ಇರಲಿಲ್ಲ.

ಹಾಗಾಗಿ ಅವಳು ಕೋಂಬಿಯಲ್ಲಿ ಮಲಗುತ್ತಿದ್ದಳು. ಕೋಂಬಿ ಎಂದರೆ ನಮ್ಮ ಬೆಟ್ಟದಿಂದ ಪಾಂತಿತ್ಲಾನ್ ಮೆಟ್ರೋ ನಿಲ್ದಾಣಕ್ಕೆ ಹೋಗುವ ಬಿಳಿಯ ವ್ಯಾನು. ಒಳಗೆ ಎದುರುಬದುರು ಎರಡು ಉದ್ದನೆಯ ಬೆಂಚು, ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಬೆಳಕು ಹರಿಯುವ ಮೊದಲೇ ಹೊರಡುವ ಗಾಡಿಗೆ ಹತ್ತುವವರು ಯಾವಾಗಲೂ ಅದೇ ಜನ. ಹತ್ತಿದವರು 'ಬ್ವೆನೋಸ್ ದಿಯಾಸ್' ಎಂದು ನಮಸ್ಕಾರ ಹೇಳಬೇಕು, ಒಳಗಿದ್ದವರು ತಿರುಗಿ ಹೇಳಬೇಕು. ಬಾಗಿಲ ಬಳಿ ಕೂತವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಡ್ರೈವರನ ಹತ್ತಿರ ಹೋಗುತ್ತದೆ, ಬಾಕಿ ಹಾಗೇ ವಾಪಸು ಬರುತ್ತದೆ. ಆಮೇಲೆ ಒಬ್ಬಳು ಚಮಚದ ಅಂಚಿನಲ್ಲಿ ರೆಪ್ಪೆಗೂದಲು ಬಾಗಿಸಿಕೊಳ್ಳುತ್ತಾಳೆ. ಇನ್ನೊಬ್ಬ ತಮಾಲ್ ಎಂಬ ಜೋಳದ ಕಡುಬು ತುಂಬಿದ ಬ್ರೆಡ್ಡು ಬಿಚ್ಚುತ್ತಾನೆ. ಮಕ್ರೀನಾ ಡ್ರೈವರ್ ಸೀಟಿನ ಹಿಂದಿನ ಮೂಲೆಯಲ್ಲಿ ಕೂತು, ಚೀಲವನ್ನು ಎದೆಗವಚಿಕೊಂಡು, ಗಾಡಿ ಬೆಟ್ಟ ಇಳಿಯುವಷ್ಟರಲ್ಲಿ ನಿದ್ದೆ ಹೋಗಿರುತ್ತಾಳೆ.

ಅದೆಂಥ ನಿದ್ದೆ! ಒಳಗೆ ರೇಡಿಯೋ ಹಾಡುತ್ತಿರಲಿ, ಹೊರಗೆ ಲಾರಿಗಳು ಹಾರ್ನು ಹಾಕಲಿ, ಅವಳಿಗೆ ಪರಿವೆಯೇ ಇಲ್ಲ. ಆ ನಿದ್ದೆಯಲ್ಲಿ ಅವಳಿಗೆ ನೀರು ಕಾಣುತ್ತಿತ್ತು. ಬೆಟ್ಟದ ಬುಡದಿಂದ ನಗರದವರೆಗಿನ ರಸ್ತೆ ಹೋಗುವುದು ಹಳೆಯ ಕೆರೆಯ ಅಂಗಳದ ಮೇಲೆ. ಮಕ್ರೀನಾ ಹುಟ್ಟುವ ಹೊತ್ತಿಗೇ ತೆಸ್ಕೋಕೋ ಕೆರೆ ಬತ್ತಿ ಬಿಳಿಯ ಧೂಳಾಗಿತ್ತು. ಆದರೆ ಅವಳ ಅಜ್ಜಿ ಅದೇ ಕೆರೆಯಲ್ಲಿ ದೋಣಿ ನಡೆಸಿದವಳು. ಜೊಂಡಿನ ಮೇಲೆ ನೀರಹುಳುಗಳು ಇಟ್ಟ ಮೊಟ್ಟೆಗಳನ್ನು ಕೊಡವಿ, ಒಣಗಿಸಿ, ರೊಟ್ಟಿ ತಟ್ಟಿ ಮಾರಿದವಳು. ಮಕ್ರೀನಾ ಕಣ್ಣು ಮುಚ್ಚಿದ್ದೇ ತಡ, ಕೋಂಬಿಯ ಕೆಳಗೆ ರಸ್ತೆ ಮೆತ್ತಗಾಗುತ್ತಿತ್ತು, ಗಾಲಿಗಳ ಸದ್ದು ನಿಲ್ಲುತ್ತಿತ್ತು, ಎರಡೂ ಬದಿಗೆ ಬೂದುಬಣ್ಣದ ನೀರು ಹರಡಿಕೊಳ್ಳುತ್ತಿತ್ತು. ಬೆಂಚಿನ ಮೇಲೆ ಸಾಲಾಗಿ ಕೂತವರೆಲ್ಲ ದೋಣಿಯಲ್ಲಿ ಕೂತವರಾಗುತ್ತಿದ್ದರು. ಅಜ್ಜಿ ಹಿಂದೆ ನಿಂತು ಉದ್ದನೆಯ ಕೋಲು ಊರುತ್ತಿದ್ದಳು. ಬಾತುಗಳು ಏಳುತ್ತಿದ್ದವು. ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.

ಬದುಕಿನಲ್ಲಿ ಅವಳಿಗೆ ತನ್ನದು ಅಂತ ಇದ್ದದ್ದು ಈ ನಿದ್ದೆಯೊಂದೇ. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಹೋದ. ಮಕ್ಕಳನ್ನು ಇಸ್ತ್ರಿ ಪೆಟ್ಟಿಗೆಯಿಂದಲೇ ಸಾಕಿದಳು. ನಾರ್ವಾರ್ತೆ ಬಡಾವಣೆಯ ದೋನ್ ಸಿರೀಲೋ ಅವರ ಲಾಂಡ್ರಿಯಲ್ಲಿ ಇಡೀ ದಿನ ನಿಂತುಕೊಂಡು ಕಂಡವರ ಅಂಗಿಗಳನ್ನು ನೇರ ಮಾಡುತ್ತಿದ್ದಳು. ಆ ಕೆಲಸಕ್ಕೆ ಬೇಕಾದ ತ್ರಾಣ ಬರುತ್ತಿದ್ದುದು ಕೋಂಬಿಯಿಂದ.

ಮಕ್ಕಳಿಗೆ ಇದು ಗೊತ್ತಿಲ್ಲದೆ ಏನಿಲ್ಲ. "ಬಸ್ಸಲ್ಲಿ ಮಲಗಬೇಡ ಅಂತ ಎಷ್ಟು ಸಲ ಹೇಳ್ಬೇಕಮ್ಮ?" ಎಂದು ದೊಡ್ಡವನು ಬೈಯುತ್ತಿದ್ದ. "ಚೀಲ ಎದೆ ಮೇಲೆ ಇರಲಿ. ಮೊಬೈಲು ಕಾಲುಚೀಲದೊಳಗೆ ಇರಲಿ. ಬಾಗಿಲ ಹತ್ರ ಕೂರಬೇಡ. ಕಣ್ಣು ಬಿಟ್ಕೊಂಡು ಹೋಗು."

"ಆಯ್ತು ಕಣೋ," ಎನ್ನುತ್ತಿದ್ದಳು ಮಕ್ರೀನಾ. ಚೀಲ, ಕಾಲುಚೀಲ, ಬಾಗಿಲು ಎಲ್ಲ ಅವನು ಹೇಳಿದ ಹಾಗೇ ಪಾಲಿಸಿದಳು. ಕಣ್ಣಿನ ವಿಷಯ ಮಾತ್ರ ಆಗಲಿಲ್ಲ.

ಕಳ್ಳರು ಕೋಂಬಿ ಹತ್ತಿದ ದಿನವೂ ಅವಳು ನಿದ್ದೆಯಲ್ಲೇ ಇದ್ದಳು.

ಇಬ್ಬರು ಹುಡುಗರು ಹತ್ತಿ ಎಲ್ಲರಂತೆ ನಮಸ್ಕಾರ ಹೇಳಿದರಂತೆ. ಕೆರೆಯಂಗಳದ ಖಾಲಿ ರಸ್ತೆ ಬಂದಾಗ ಒಬ್ಬ ಬಾಗಿಲಿಗೆ ಅಡ್ಡ ನಿಂತ, ಇನ್ನೊಬ್ಬ ಪಿಸ್ತೂಲು ತೆಗೆದ. ತಲೆ ತಗ್ಗಿಸಿ, ಮೊಬೈಲು ಪರ್ಸು ಎಲ್ಲ ಚೀಲಕ್ಕೆ ಹಾಕಿ ಎಂದ. ಎಲ್ಲರೂ ಹಾಕಿದರು. ಪಿಸ್ತೂಲಿನವನು ಮಕ್ರೀನಾಳ ಮೂಲೆಗೆ ಬಂದು ಬಗ್ಗಿದ. ಆಮೇಲೆ ತಿರುಗಿ ಬಾಗಿಲಲ್ಲಿದ್ದವನಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಈ ಅಮ್ಮನ್ನ ಬಿಟ್ಬಿಡು. ಎಬ್ಬಿಸಬೇಡ, ಮಲ್ಕೊಳ್ಳಲಿ." ಮುಂದಿನ ತಿರುವಿನಲ್ಲಿ ಇಳಿದು ಇಬ್ಬರೂ ಕತ್ತಲಲ್ಲಿ ಓಡಿದರು.

ಪಾಂತಿತ್ಲಾನಿನಲ್ಲಿ ಮಕ್ರೀನಾ ಕಣ್ಣು ಬಿಟ್ಟಾಗ ಕೋಂಬಿಯ ಜನವೆಲ್ಲ ಇಳಿದು ಅವಳನ್ನೇ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಕೂತಿದ್ದ ನಾಬೋರ್ ಮಾತ್ರ ಇರಲಿಲ್ಲ. ಅವನು ಮೆರ್ಸೆದ್ ಮಾರುಕಟ್ಟೆಯಲ್ಲಿ ತಳ್ಳುಗಾಡಿಯ ಮೇಲೆ ಮೂಟೆ ಸಾಗಿಸುವವನು. ಮಾತು ಕಡಿಮೆ, ನಿಲ್ದಾಣ ಬಂದ ಕೂಡಲೇ ಓಡುವವನು. ಆವತ್ತೂ ಓಡಿದ್ದ.

"ಏನಾಯ್ತು?" ಎಂದಳು ಮಕ್ರೀನಾ.

"ಏನಾಯ್ತಾ? ಕೇಳಿದ್ರಾ ಇವಳನ್ನ!" ಎಂದಳು ಇಮೆಲ್ದಾ. ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಈ ಇಮೆಲ್ದಾಳ ಬಾಯಿಗೆ ಡ್ರೈವರನೂ ಹೆದರುತ್ತಾನೆ. "ನಮ್ಮೆಲ್ಲರ ಪ್ರಾಣ ಬಾಯಿಗೆ ಬಂದಿತ್ತು. ನೀನು ಗೊರಕೆ ಹೊಡೀತಿದ್ದೆ. ಹೇಳು, ಆ ಹುಡುಗ ನಿಂಗೇನಾಗಬೇಕು?"

"ಯಾವ ಹುಡುಗ?"

"ನಾಟಕ ಆಡಬೇಡ ಕಣೆ. ಎಲ್ಲರದ್ದೂ ಕಿತ್ಕೊಂಡ, ನಿನ್ನ ಚೀಲ ಮಾತ್ರ ಮುಟ್ಟಲಿಲ್ಲ. ಮಲ್ಕೊಳ್ಳಲಿ ಅಂದ. ಯಾವ ಕಳ್ಳ ಹಂಗಂತಾನೆ? ಅವನೇನು ನಿನ್ನ ಅಳಿಯನಾ?"

ಇಮೆಲ್ದಾಳ ಈ ಸಿಟ್ಟಿಗೆ ಬೇರೆಯದೇ ಕಾರಣವೂ ಇತ್ತು. ನಮ್ಮ ಕಡೆ ಬುದ್ಧಿವಂತರು ಎರಡು ಮೊಬೈಲು ಇಟ್ಟುಕೊಂಡು ಓಡಾಡುತ್ತಾರೆ, ಒಂದು ತಮಗೆ, ಒಂದು ಕೆಟ್ಟುಹೋದದ್ದು ಕಳ್ಳರಿಗೆ. ಇಮೆಲ್ದಾ ಇದನ್ನು ಊರಿಗೆಲ್ಲ ಕಲಿಸಿದ ಗುರು. ಆವತ್ತು ಕತ್ತಲಲ್ಲಿ, ಗಾಬರಿಯಲ್ಲಿ, ಗುರುಗಳು ಒಳ್ಳೆಯ ಮೊಬೈಲನ್ನು ಕಳ್ಳನ ಚೀಲಕ್ಕೆ ಹಾಕಿ ಕೆಟ್ಟದ್ದನ್ನು ರವಿಕೆಯೊಳಗೆ ಜೋಪಾನ ಮಾಡಿಕೊಂಡಿದ್ದರು. ಅದು ಗೊತ್ತಾದದ್ದು ಪಾಂತಿತ್ಲಾನಿನಲ್ಲಿ ಮಗಳಿಗೆ ಫೋನು ಮಾಡಲು ಹೋದಾಗ. ತನ್ನ ಮೇಲೆ ಬಂದ ಸಿಟ್ಟನ್ನು ತನ್ನ ಮೇಲೇ ಕಾರುವವರು ಯಾರಿದ್ದಾರೆ?

ಮಾತು ಬೆಟ್ಟಕ್ಕೆ ಮಕ್ರೀನಾಗಿಂತ ಮೊದಲು ಹತ್ತಿತು. ಸಂಜೆ ಅವಳು ಮನೆಗೆ ಬರುವಷ್ಟರಲ್ಲಿ ಸೊಸೆ ಯುರಿದಿಯಾ ಬಾಗಿಲಲ್ಲೇ ನಿಂತಿದ್ದಳು. "ಅತ್ತೆ, ಮೊಬೈಲು ಕೊಡಿ ನೋಡೋಣ," ಎಂದು ಇಸಿದುಕೊಂಡಳು. ಬೆಳಗಿನ ಕೋಂಬಿಯವರದ್ದೊಂದು ವಾಟ್ಸಾಪ್ ಗುಂಪಿತ್ತು. ಗಾಡಿ ಚರ್ಚು ದಾಟಿತು, ಕೆಳಗೆ ಪೊಲೀಸರಿದ್ದಾರೆ, ಇವತ್ತು ಒಬ್ಬ ಅಪರಿಚಿತ ಹತ್ತಿದ್ದಾನೆ, ಹೀಗೆ ಒಬ್ಬರನ್ನೊಬ್ಬರು ಕಾಯುವ ಗುಂಪು ಅದು.

"ನಿಮ್ಮನ್ನ ತೆಗೆದುಹಾಕಿದಾರೆ ಅತ್ತೆ."

"ಯಾಕಂತೆ?"

ಯುರಿದಿಯಾ ಮೊಬೈಲು ವಾಪಸು ಕೊಟ್ಟಳು. ಮಕ್ರೀನಾ ಪರದೆಯ ಹಿಂದೆ ಹೋಗಿ ಕೂತಳು. ಅವಳಿಗೆ ಅವಮಾನವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ಆ ಹುಡುಗ ಯಾಕೆ ಹಾಗಂದ? ನಿಜಕ್ಕೂ ಗುರುತಿನವನೇ ಇರಬಹುದೇ? ಚಿಕ್ಕಂದಿನಲ್ಲಿ ತನ್ನ ಮನೆಯಲ್ಲಿ ಉಂಡವನೇ? ಬೆಟ್ಟದ ಹುಡುಗರ ಮುಖಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು. ಯಾವ ಮುಖಕ್ಕೂ ಪಿಸ್ತೂಲು ಹೊಂದಲಿಲ್ಲ.

ಮರುದಿನದಿಂದ ಅವಳು ಅದಕ್ಕೂ ಮುಂಚಿನ ಕೋಂಬಿ ಹಿಡಿದಳು. ಅಲ್ಲಿ ಎಲ್ಲ ಹೊಸ ಜನ. ಯಾವ ಮೂಲೆಯೂ ಅವಳದಲ್ಲ. ಕಣ್ಣು ಮುಚ್ಚಿದರೆ ಸಾಕು, ಯಾರೋ ಬಗ್ಗಿ ಮುಖ ನೋಡಿದಂತಾಗಿ ಬೆಚ್ಚಿ ಬೀಳುತ್ತಿದ್ದಳು. ಎಷ್ಟೋ ವರ್ಷದಿಂದ ಹೋಗಿಬಂದ ದಾರಿಯನ್ನು ಅವಳು ಮೊದಲ ಸಲ ನೋಡಿದ್ದು ಆಗಲೇ. ಟೈರಿನ ಅಂಗಡಿಗಳು, ಕಸದ ಗುಡ್ಡೆ, ಸೇತುವೆಯ ಕೆಳಗೆ ಮಲಗಿದ ಕುದುರೆ, ಅರ್ಧಕ್ಕೆ ನಿಂತ ಗೋಡೆಗಳು. ನೀರಿನ ಹನಿಯೂ ಇಲ್ಲ. ದಾರಿ ಇಷ್ಟು ಉದ್ದವಿದೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು. ಇಷ್ಟು ಹಂಪುಗಳಿವೆಯೇ ಎಂದು ಇನ್ನೂ ಆಶ್ಚರ್ಯವಾಯಿತು. ಒಂದೊಂದು ಹಂಪಿಗೂ ತಲೆ ಹೋಗಿ ಪಕ್ಕದ ತಗಡಿಗೆ ಬಡಿಯುತ್ತಿತ್ತು. ಹಣೆಯ ಪಕ್ಕ ಒಂದು ಗಂಟೂ ಎದ್ದಿತು.

ಮನೆಯಲ್ಲಂತೂ ನಿದ್ದೆ ಇರಲಿಲ್ಲ, ಈಗ ದಾರಿಯಲ್ಲೂ ಇಲ್ಲವಾಯಿತು. ನಿದ್ದೆಯಿಲ್ಲದವಳ ಕೈ ಭಾರ, ಕಣ್ಣು ಮಂಜು. ಒಂದು ಮಧ್ಯಾಹ್ನ ನಿಂತಲ್ಲೇ ಜೋಂಪು ಹತ್ತಿ, ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಮದುವೆಯ ಅಂಗಿಯ ಬೆನ್ನ ಮೇಲೆ ಮರೆತಳು. ಹೊಗೆಯ ವಾಸನೆಗೆ ದೋನ್ ಸಿರೀಲೋ ಒಳಗಿನಿಂದ ಓಡಿ ಬಂದರು.

"ಮಕ್ರೀನಾ, ಇಷ್ಟು ವರ್ಷದಲ್ಲಿ ನೀನು ಒಂದು ಗುಂಡಿ ಕೂಡ ಸುಟ್ಟವಳಲ್ಲ. ಏನಾಗಿದೆ ನಿಂಗೆ?"

"ನಿದ್ದೆ ಇಲ್ಲ ದೋನ್ ಸಿರೀಲೋ."

"ಎಲ್ಲಾದ್ರೂ ಮಲಗವ್ವ, ಮಲಗಿ ಬಾ. ನಾನೇನೋ ಸುಮ್ನಿರ್ತೀನಿ, ಗಿರಾಕಿ ಸುಮ್ನಿರ್ತಾನಾ? ಇನ್ನೊಂದು ಅಂಗಿ ಹಿಂಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

ಆ ಸಂಜೆ ಮೆಟ್ರೋದಲ್ಲಿ ಹೆಂಗಸರ ಬೋಗಿಯಲ್ಲಿ ನಿಂತು ಬರುವಾಗ ಮಕ್ರೀನಾಗೆ ಎಲ್ಲಿಲ್ಲದ ಸಿಟ್ಟು ಬಂತು. ಅವಳಿಗೆ ಸಿಟ್ಟು ಬರುವುದೇ ಅಪರೂಪ. ನಾನು ಯಾಕೆ ಓಡಿಹೋಗಬೇಕು? ನಾನು ಏನು ಕದ್ದಿದ್ದೇನೆ? ನಿದ್ದೆ ಮಾಡಿದ್ದು ತಪ್ಪಾದರೆ ಹೌದು, ಮಾಡಿದ್ದೇನೆ. ನಾಳೆ ನನ್ನ ಕೋಂಬಿಗೇ ಹೋಗುತ್ತೇನೆ, ನನ್ನ ಮೂಲೆಯಲ್ಲೇ ಕೂರುತ್ತೇನೆ.

ಹೋದಳು. ಹತ್ತಿ, ಗಟ್ಟಿಯಾಗಿ ನಮಸ್ಕಾರ ಹೇಳಿದಳು. ಯಾರೂ ತಿರುಗಿ ಹೇಳಲಿಲ್ಲ. ಕೋಂಬಿಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಮೂಲೆಯೇನೋ ಖಾಲಿ ಇತ್ತು. ಅಲ್ಲಿ ಕೂತಳು. ಎದುರಿಗೆ ಇಮೆಲ್ದಾ, ಕೈಯಲ್ಲಿ ಹೊಸ ಮೊಬೈಲು. ಅಷ್ಟು ಮುಖಗಳನ್ನು ಎದುರಿಸುತ್ತ ಕೂರಲಾರದೆ ಮಕ್ರೀನಾ ಕಣ್ಣು ಮುಚ್ಚಿಕೊಂಡಳು. ನಿದ್ದೆಯ ಮಾತೇ ಇಲ್ಲ. ಬರೀ ಮುಚ್ಚಿಕೊಂಡಳು, ಅಷ್ಟೇ.

ಬೆಟ್ಟ ಇಳಿಯುವಲ್ಲಿ ಗಾಡಿ ನಿಂತಿತು. ಯಾರೋ ನಿಧಾನವಾಗಿ, ಉಸಿರು ಹಿಡಿದು ಹತ್ತಿದರು. "ಬ್ವೆನೋಸ್ ದಿಯಾಸ್," ಎಂದ ದಪ್ಪ ದನಿ ನಾಬೋರನದ್ದು.

"ಓಹೋ, ಬದುಕಿದೀಯಾ?" ಎಂದ ಡ್ರೈವರ್. ಅವನ ಬಣ್ಣದಿಂದಾಗಿ ಎಲ್ಲರೂ ಅವನನ್ನು ಗ್ವೆರೋ, ಬಿಳಿಯ, ಎಂದೇ ಕರೆಯುತ್ತಾರೆ. "ಎಲ್ಲೋ ಹೋಗಿದ್ದೆ ಇಷ್ಟು ದಿನ?"

"ಹರ್ನಿಯಾ ಆಪರೇಷನ್ ಆಯ್ತಲ್ಲಣ್ಣ. ಕಳ್ಳರು ಹತ್ತಿದ ಮರುದಿನಾನೇ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ರು. ಫೋನಿಲ್ಲ, ಯಾರಿಗೆ ಹೇಳ್ಲಿ?"

ಬೆಂಚು ಕಿರುಗುಟ್ಟಿತು. ಮಕ್ರೀನಾಳ ಪಕ್ಕದಲ್ಲಿ ದೊಡ್ಡ ಮೈಯೊಂದು ಕೂತು ಬೆಚ್ಚಗಾಯಿತು. ಈರುಳ್ಳಿ ಮೂಟೆಯ ವಾಸನೆ ಬಂತು. ಅವಳು ಕಣ್ಣು ತೆರೆಯಲಿಲ್ಲ.

"ನೋಡು, ಹೆಂಗೆ ಮಲಗಿದಾಳೆ," ಎಂದಳು ಇಮೆಲ್ದಾ. "ನಾಚಿಕೆಯಿಲ್ಲದ ಹೆಂಗಸು. ಎರಡು ವಾರ ತಲೆ ಮರೆಸ್ಕೊಂಡಿದ್ದು ಇವತ್ತು ರಾಣಿ ಥರ ಬಂದು ಮಲಗಿದಾಳೆ."

"ಮೆತ್ತಗೆ ಮಾತಾಡಕ್ಕ, ಎದ್ದುಬಿಡ್ತಾರೆ," ಎಂದ ನಾಬೋರ್.

"ಏಳಲಿ! ಎದ್ದು ಹೇಳಲಿ, ಆ ಕಳ್ಳ ಇವಳಿಗೆ ಏನಾಗಬೇಕು ಅಂತ."

"ಅವರಿಗೇನು ಆಗಬೇಕು? ಏನೂ ಆಗಬೇಕಿಲ್ಲ. ಅದು ನಾನು ಹೇಳಿದ್ದು."

ಕೋಂಬಿಯೊಳಗೆ ರೇಡಿಯೋ ಒಂದೇ ಕೇಳುತ್ತಿತ್ತು. ಗ್ವೆರೋ ಅದನ್ನೂ ಆರಿಸಿದ.

"ನೀನು ಏನು ಹೇಳಿದೆ?" ಎಂದಳು ಇಮೆಲ್ದಾ.

"ಅವನು ಪಿಸ್ತೂಲು ಹಿಡ್ಕೊಂಡು ಬಗ್ಗಿದ್ನಲ್ಲ, ಆಗ ಅವನ ಕಿವಿ ನನ್ನ ಬಾಯಿ ಹತ್ರಾನೇ ಇತ್ತು. ಇವರು ನಮ್ಮಮ್ಮ ಕಣಪ್ಪ, ಹಾರ್ಟು ವೀಕು, ಗಾಬರಿಯಾದ್ರೆ ಇಲ್ಲೇ ಹೋಗಿಬಿಡ್ತಾರೆ, ಅವರ ಬಾಬ್ತೂ ನನ್ನತ್ರಾನೇ ತಗೋ ಅಂದೆ. ಕುತ್ತಿಗೇಲಿದ್ದ ದೇವಮಾತೆಯ ಪದಕ ಬಿಚ್ಚಿ ಕೊಟ್ಟೆ. ಬೆಳ್ಳೀದು. ತಗೊಂಡ. ಆಮೇಲೆ ಅವನೇ ಹೇಳಿದ, ಎಬ್ಬಿಸಬೇಡ ಅಂತ. ಅವನಿಗೂ ಅಮ್ಮ ಇದ್ದಾಳೇನೋ."

"ಅದು ನಿಮ್ಮಮ್ಮನ ಪದಕ ಅಲ್ವೇನೋ?" ಎಂದ ಗ್ವೆರೋ ಮುಂದಿನಿಂದ. "ಸಾಯೋವಾಗ ಕೊಟ್ಟದ್ದು ಅಂತಿದ್ದೆ."

"ಹ್ಞೂಂ, ಅದೇ."

ಮಕ್ರೀನಾಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಪಕ್ಕದವನಿಗೆ ಕೇಳಿಸಿಬಿಟ್ಟೀತು ಎಂದು ಅವಳಿಗೆ ಭಯವಾಯಿತು.

ಇಮೆಲ್ದಾಳ ದನಿ ಇಳಿದಿತ್ತು. "ಇದನ್ನ ಆವತ್ತೇ ಬೊಗಳೋಕೆ ಏನಾಗಿತ್ತು ನಿಂಗೆ, ಕತ್ತೆ?"

"ಬೊಗಳೋಕೆ ಏನಿತ್ತಕ್ಕ? ಈರುಳ್ಳಿ ಲಾರಿ ಬಂದು ನಿಂತಿತ್ತು, ಓಡಿದೆ. ಯಾರೋ ಅನುಮಾನ ಪಡ್ತಾರೆ ಅಂತ ನಂಗೇನು ಕನಸು ಬಿದ್ದಿತ್ತಾ?" ನಾಬೋರ್ ದನಿ ತಗ್ಗಿಸಿದ. "ಒಂದು ಮಾತು. ಇವರಿಗೆ ಹೇಳಬೇಡಿ. ಕಳ್ಳರು ಬಂದಿದ್ರು ಅಂತ ಗೊತ್ತಾದ್ರೆ ಪಾಪ, ಇನ್ಮೇಲೆ ಇಲ್ಲಿ ಮಲಗಲ್ಲ."

ಪಾಪ, ಅವನಿಗೇನು ಗೊತ್ತು. ಇಮೆಲ್ದಾ ಆವತ್ತೇ ಎಲ್ಲ ಹೇಳಿಯಾಗಿತ್ತು.

"ಹೇಳಲ್ಲ ಬಿಡು," ಎಂದಳು ಇಮೆಲ್ದಾ.

ಆಗ ಕಣ್ಣು ತೆರೆಯಬಹುದಿತ್ತು. ತೆರೆದು, ಕೇಳಿಸಿತಾ ನಿನಗೆ ಎಂದು ಇಮೆಲ್ದಾಳ ಮುಖಕ್ಕೆ ಹೊಡೆದ ಹಾಗೆ ಕೇಳಬಹುದಿತ್ತು. ಎರಡು ವಾರ ಕಾದ ಮಾತು ಅದು. ಮಕ್ರೀನಾ ತೆರೆಯಲಿಲ್ಲ. ತೆರೆದರೆ ನಾಬೋರ್ ನಾಚಿಕೊಳ್ಳುತ್ತಾನೆ, ಇಮೆಲ್ದಾ ತಲೆ ಎತ್ತಲಾರಳು, ಎಲ್ಲರೂ ಒಟ್ಟಿಗೆ ಕ್ಷಮೆ ಕೇಳಲು ಶುರು ಮಾಡುತ್ತಾರೆ. ಅದನ್ನೆಲ್ಲ ಯಾರು ಸಹಿಸಿಕೊಳ್ಳುತ್ತಾರೆ? ಅವಳು ಉಸಿರನ್ನು ನಿದ್ದೆಯವಳ ಉಸಿರಿನಂತೆ ಎಳೆದು ಬಿಟ್ಟಳು.

"ಹಂಪು," ಎಂದ ಗ್ವೆರೋ ಸಣ್ಣ ದನಿಯಲ್ಲಿ. ಗಾಡಿ ಪೂರ್ತಿ ನಿಧಾನವಾಯಿತು. ಮುಂಚಿನ ಕೋಂಬಿಯಲ್ಲಿ ಅವಳ ಹಣೆಗೆ ಗಂಟು ಎಬ್ಬಿಸಿದ ಅದೇ ಹಂಪು. ಮಕ್ರೀನಾ ಹಲ್ಲು ಕಚ್ಚಿ ಕಾದಳು. ತಲೆ ವಾಲಿತು, ಡ್ರೈವರ್ ಸೀಟಿನ ಹಿಂದಿನ ಕಬ್ಬಿಣದ ಸರಳಿನ ಕಡೆ ಹೋಯಿತು. ಆದರೆ ತಾಗಿದ್ದು ಕಬ್ಬಿಣವಲ್ಲ. ಒರಟಾದ, ಅಗಲವಾದ, ಬೆಚ್ಚಗಿನ ಅಂಗೈ. ನಾಬೋರ್ ಅವಳ ಹಿಂದಿನಿಂದ ತೋಳು ಚಾಚಿ ಸರಳಿಗೆ ಕೈ ಅಡ್ಡ ಇಟ್ಟಿದ್ದ. ಗಾಡಿ ಹಂಪು ದಾಟಿದ ಮೇಲೆ ಆ ಕೈ ಸದ್ದಿಲ್ಲದೆ ಹಿಂದೆ ಹೋಯಿತು. ಅವನು ಇದನ್ನು ಯೋಚಿಸಿ ಮಾಡಿದ ಹಾಗಿರಲಿಲ್ಲ. ದಿನವೂ ಮಾಡುವ ಕೆಲಸದ ಹಾಗಿತ್ತು.

ಮುಂದಿನ ಹಂಪಿಗೂ ಗ್ವೆರೋ ಹಾಗೇ ಹೇಳಿದ, ಕೈ ಹಾಗೇ ಬಂತು. ಎದೆಯಿಂದ ಜಾರುತ್ತಿದ್ದ ಅವಳ ಚೀಲವನ್ನು ಎದುರಿನಿಂದ ಯಾರೋ ಹಿಡಿದು ಮೇಲಕ್ಕೆ ಸರಿಸಿದರು. ಶಾಲನ್ನು ಯಾರೋ ಭುಜದ ಮೇಲೆಳೆದರು. ಬಾಗಿಲ ಬಳಿಯಿಂದ ಹೊರಟ ಚಿಲ್ಲರೆ ಅವಳ ಮುಂದೆ ಬಂದಾಗ ಝಣ್ ಎನ್ನದೆ, ಮುಷ್ಟಿಯಿಂದ ಮುಷ್ಟಿಗೆ ದಾಟಿತು. ಒಬ್ಬ ಕೆಮ್ಮಿದ, ಇನ್ನೊಬ್ಬಳು ಶ್ ಎಂದಳು. ಇಷ್ಟು ವರ್ಷ ತಾನೊಬ್ಬಳೇ ನಿದ್ದೆ ಮಾಡಿದೆ ಎಂದು ಮಕ್ರೀನಾ ತಿಳಿದಿದ್ದಳು. ಇಡೀ ಗಾಡಿ ಅವಳನ್ನು ಮಲಗಿಸಿಕೊಂಡು ಹೋಗುತ್ತಿತ್ತು. ನಿದ್ದೆ ಮಾಡಿದವಳಿಗೆ ಅದು ಗೊತ್ತಾಗುವುದಾದರೂ ಹೇಗೆ?

ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಇಳಿಯಿತು. ಒರೆಸಿಕೊಳ್ಳುವ ಹಾಗಿಲ್ಲ, ಒರೆಸಿದರೆ ಗುಟ್ಟು ಹೊರಬೀಳುತ್ತದೆ. ಅವಳು ಉಳಿದ ಒಂದೇ ಉಪಾಯ ಮಾಡಿದಳು. ಪೂರ್ತಿ ಎಚ್ಚರವಿದ್ದುಕೊಂಡೇ, ತಿಳಿದೂ ತಿಳಿದೂ, ತಲೆಯನ್ನು ನಾಬೋರನ ಹೆಗಲ ಮೇಲೆ ಇಳಿಸಿ ಅವನ ಸ್ವೆಟರಿಗೆ ಕೆನ್ನೆ ಒತ್ತಿದಳು. ಆ ಹೆಗಲು ಒಂದಿಷ್ಟೂ ಅಲುಗಲಿಲ್ಲ.

ನಟನೆ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಅವಳಿಗೆ ತಿಳಿಯಲಿಲ್ಲ. ಪಾಂತಿತ್ಲಾನಿನಲ್ಲಿ ಎಲ್ಲರೂ ಇಳಿದಿದ್ದರು. ಇಮೆಲ್ದಾ ಬಾಗಿಲಲ್ಲಿ ನಿಂತು ಒಂದು ಸಲ ಕರೆದಳು, ಎರಡು ಸಲ ಕರೆದಳು, ಕೊನೆಗೆ ಒಳಗೆ ಬಗ್ಗಿ ಭುಜ ಹಿಡಿದು ಅಲುಗಾಡಿಸಿದಳು.

"ಏಳೇ ಮಾರಾಯ್ತಿ, ಬಂತು! ಅಬ್ಬಬ್ಬಾ, ಇವಳದ್ದೊಂದು ನಿದ್ದೆ."